ಎದೆಯ ಮೇಲೆ ಒಂಬತ್ತು ಇಂಚು

ಅಂಗಿಗೆ ಹಾಕುವ ಹೆಸರಿನ ಪ್ಯಾಚಿನ ಅಳತೆಯನ್ನು ಅಂಗಿ ತೊಟ್ಟವರ ಮೈಮೇಲೆ ತೆಗೆಯಬೇಕು, ಗೋಡೆಗೆ ನೇತುಹಾಕಿದ ಅಂಗಿಯ ಮೇಲಲ್ಲ. ಇದು ನಿಮಗೆ ಗೊತ್ತಿರಬೇಕಾದ ಸಂಗತಿ. ಗೋಡೆ ಬಗ್ಗುವುದಿಲ್ಲ, ಉಸಿರಾಡುವುದಿಲ್ಲ, ಬೀರು ಎತ್ತುವುದಿಲ್ಲ. ಮನುಷ್ಯರು ಇವೆಲ್ಲವನ್ನೂ ಮಾಡುತ್ತಾರೆ. ಇಷ್ಟು ಹೊಳೆಯದೆ ಒಬ್ಬ ಗೃಹಸ್ಥರು ತಮ್ಮ ಹೆಂಡತಿಯ ಬದುಕಿನ ಮೊದಲ ಸ್ವಂತ ಉದ್ಯೋಗವನ್ನು ಹೆಚ್ಚುಕಡಿಮೆ ಮಣ್ಣುಪಾಲು ಮಾಡಿದರು.

ಈ ಗೃಹಸ್ಥರನ್ನು ಓಣಿಯವರು ಬೆನ್ನ ಹಿಂದೆ ಕರೆಯುತ್ತಿದ್ದುದು ‘ತಪಾಸಣೆ’ ಎಂದು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವುದು ಅವರ ವೃತ್ತಿ. ಮನೆಗೆ ಬಂದ ಮೇಲೆ ಕರಿ ಕೋಟು ಕಳಚುತ್ತಿದ್ದರು, ತಪಾಸಣೆ ಕಳಚುತ್ತಿರಲಿಲ್ಲ. ಸಕ್ಕರೆ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಯಾರೋ ತೆಗೆದಿದ್ದಾರೆ. ಬಿಗಿಯಾಗಿದ್ದರೆ, ತೆಗೆದು ಗುರುತು ಸಿಗದ ಹಾಗೆ ಮುಚ್ಚಿದ್ದಾರೆ. ಪಕ್ಕದ ಮನೆಯವರು ಮಾತಾಡಿಸಿದರೆ ಏನೋ ಬೇಕಾಗಿದೆ. ಮಾತಾಡಿಸದಿದ್ದರೆ ಆಗಲೇ ತೆಗೆದುಕೊಂಡು ಹೋಗಿದ್ದಾರೆ. ಹೆತ್ತ ತಾಯಿ ಬಡಿಸುತ್ತಾ ಎರಡು ಸಲ “ಸಾಕೇನೋ?” ಅಂದರೆ, ಉಳಿದದ್ದನ್ನು ಯಾರಿಗೆ ಎತ್ತಿಡುತ್ತಿದ್ದಾರೆ ಎಂದು ಪಾತ್ರೆಯೊಳಗೆ ಬಗ್ಗಿ ನೋಡುವ ಜಾಯಮಾನ.

ಅವರ ಹೆಂಡತಿ ಇದೆಲ್ಲ ಅಭ್ಯಾಸವಾಗಿದ್ದ ಹೆಂಗಸು. ಶಾಲೆಯೊಂದರ ವ್ಯಾನು ಓಡಿಸಿ, ಅದರ ಮಾಲೀಕನ ಬೈಗುಳ ಕೇಳಿ ಕೇಳಿ ಸಾಕಾಗಿ, ಕೊನೆಗೊಂದು ದಿನ ಕೀಲಿಕೈಯನ್ನು ಅವನ ಮೇಜಿನ ಮೇಲಿಟ್ಟು ಬಂದಿದ್ದರು. ಹಳೆಯದೊಂದು ಸಾಮಾನಿನ ಗಾಡಿ ಕೊಂಡು, ಮನೆ-ಅಂಗಡಿ ಬದಲಾಯಿಸುವವರ ಸಾಮಾನು ಸಾಗಿಸುವ ಕೆಲಸ ಶುರು ಮಾಡಿದರು. ಎತ್ತಿ ಇಳಿಸುವುದಕ್ಕೆ ಅವರ ಸ್ವಂತ ತಮ್ಮ, ಮತ್ತು ಪೈಲ್ವಾನ ಎಂದೇ ಎಲ್ಲರೂ ಕರೆಯುವ ಭಾರೀ ಆಳು. ತಮ್ಮನ ಮೈಕಟ್ಟು ಹೇಗಿತ್ತೆಂದರೆ, ಅವನು ಬಾಗಿಲಲ್ಲಿ ಅಡ್ಡಡ್ಡ ನಿಂತರೂ ಪೈಲ್ವಾನ ಪಕ್ಕದಲ್ಲೇ ಬೀರು ಹೊತ್ತು ದಾಟಬಹುದಿತ್ತು.

ಗಾಡಿ ಮನೆಮುಂದೆ ನಿಂತು ಧೂಳು ತಿನ್ನುತ್ತಿತ್ತೇ ಹೊರತು ಹೆಚ್ಚು ಓಡುತ್ತಿರಲಿಲ್ಲ. ಹಳೆಯ ಮಾಲೀಕ ಇದನ್ನು ನೋಡಿಕೊಂಡು ಹೋಗಿ, ಸೋಮವಾರದಿಂದ ಬೇಕಾದರೆ ಬರಲಿ, ತಪ್ಪಾಯಿತು ಅಂತ ಒಂದು ಮಾತು ಹೇಳಿದರೆ ಸಾಕು ಎಂದು ಯಾರ ಕೈಯಲ್ಲೋ ಹೇಳಿ ಕಳಿಸಿದ. ಹೆಂಡತಿ ಆ ದಿನ ಊಟ ಮಾಡಲಿಲ್ಲ. ಮರುದಿನವೇ ಕಣ್ಣಿನ ಡಾಕ್ಟರಮ್ಮನಿಂದ ಕರೆ ಬಂತು. ಚಿಕಿತ್ಸಾಲಯ ಹೊಸ ಕಟ್ಟಡಕ್ಕೆ ಹೋಗಬೇಕು, ಶನಿವಾರ ಸಾಗಿಸಬೇಕು, ಕೆಲಸ ಚೆನ್ನಾಗಿದ್ದರೆ ಉಳಿದ ಶಾಖೆಗಳದ್ದೂ ನಿಮಗೇ. ಒಂದೇ ಷರತ್ತು: ನಾಜೂಕಿನ ಯಂತ್ರಗಳಿರುವ ಜಾಗ, ಯಾರ್ಯಾರೋ ಓಡಾಡುತ್ತಾರೆ, ನಿಮ್ಮವರು ಯಾರೆಂದು ಕಾವಲಿನವನಿಗೆ ಗೊತ್ತಾಗಬೇಕು, ಅಂಗಿಯ ಮೇಲೆ ಒಂದು ಗುರುತು ಇರಲಿ.

ಹೆಂಡತಿ ಗಂಡನಿಗೆ ಹೇಳಿದ್ದು ಇಷ್ಟೇ: ಸ್ಟೇಷನ್ ಪಕ್ಕದ ಕಸೂತಿ ಅಂಗಡಿಗೆ ಹೋಗಿ, ಅಂಗಿಯ ಎಡ ಎದೆಗೆ ನಮ್ಮ ಗಾಡಿಯ ಹೆಸರಿನ ನಾಲ್ಕು ಪ್ಯಾಚು ಬೇಕು ಅನ್ನಿ, ಅಳತೆ ಅವರೇ ಹೇಳುತ್ತಾರೆ.

ಅಳತೆ ಅವರೇ ಹೇಳುತ್ತಾರೆ! ತಪಾಸಣೆಯವರ ಕಿವಿ ನೆಟ್ಟಗಾಯಿತು. ದಾರ ಅವರದ್ದು, ಮಿಷನ್ನು ಅವರದ್ದು, ಅಳತೆಯೂ ಅವರದ್ದೇ ಆದರೆ ನಮ್ಮದೇನು ಉಳಿಯಿತು?

“ಅಳತೆ ವಿಷಯ ನನಗೆ ಬಿಡು,” ಎಂದರು. “ಓಡೋ ರೈಲಲ್ಲಿ ಮುಖ ನೋಡಿ ಟಿಕೆಟ್ ಇಲ್ಲದವನನ್ನ ಹಿಡಿಯೋನು ನಾನು. ಒಂದು ಪ್ಯಾಚು ನನಗೆ ಯಾವ ಲೆಕ್ಕ?”

“ರೀ, ಅಂಗಿಗೆ ಅಂತ ಹೇಳಿ. ಎದೆಗೆ ಅಂತ ಹೇಳಿ. ಅಷ್ಟು ಸಾಕು.”

ಅಷ್ಟರಲ್ಲೇ ಮುಗಿಸಿದ್ದರೆ ನನಗೆ ಬರೆಯಲು ಏನೂ ಇರುತ್ತಿರಲಿಲ್ಲ. ತಪಾಸಣೆಯವರು ಮನೆಯಲ್ಲೇ ಪ್ರಯೋಗಶಾಲೆ ತೆರೆದರು. ಹಳೇ ಕ್ಯಾಲೆಂಡರಿನ ಹಾಳೆಗಳಿಂದ ಸಣ್ಣದು, ನಡುವಿನದು, ದೊಡ್ಡದು ಎಂದು ದುಂಡನೆಯ ತುಂಡುಗಳನ್ನು ಕತ್ತರಿಸಿದರು. ಪಡಸಾಲೆಯ ಮೊಳೆಗೆ ತಮ್ಮ ಕೋಟನ್ನು ನೇತುಹಾಕಿ, ಒಂದೊಂದೇ ತುಂಡನ್ನು ಪಿನ್ನು ಚುಚ್ಚಿ ನಿಲ್ಲಿಸಿ, ತಾವು ಹಿತ್ತಲ ಬಾಗಿಲಿಗೆ ಹೋಗಿ ನಿಂತು ಕಣ್ಣು ಕಿರಿದು ಮಾಡಿ ನೋಡಿದರು. ಅವರ ತತ್ವ ಸರಳ: ಬೋಗಿಯ ಈ ತುದಿಯಿಂದ ಆ ತುದಿಗೆ ಕಾಣದ ಗುರುತು ಗುರುತೇ ಅಲ್ಲ. ಮೂರು ಇಂಚಿನದು ಅಲ್ಲಿಂದ ಗುಂಡಿಯ ಹಾಗೆ ಕಂಡಿತು. ಐದಿನದು ಕಲೆಯ ಹಾಗೆ. ಒಂಬತ್ತು ಇಂಚಿನದು ಮಾತ್ರ ಹುಣ್ಣಿಮೆಯ ಚಂದ್ರನ ಹಾಗೆ ಬೆಳಗಿತು. ಅಮ್ಮ ಬಂದು, ಕೋಟಿಗೆ ಯಾಕೋ ದೃಷ್ಟಿ ತೆಗೀತಿದ್ದೀಯ ಎಂದು ಕೇಳಿದರೆ, ಗುಟ್ಟು ಎಂದರು.

ಗುಟ್ಟು ಎಂದರೆ ನಿಜವಾಗಿಯೂ ಗುಟ್ಟು. ಊರಿನಲ್ಲಿ ಸಾಮಾನು ಸಾಗಿಸುವವರು ಬೇರೆಯವರೂ ಇದ್ದಾರಲ್ಲ! ಪ್ಯಾಚಿನ ವಿಷಯ ಅವರಿಗೆ ತಿಳಿದರೆ ಅಂಥದ್ದನ್ನೇ ಹೊಲಿಸಿಕೊಂಡು ಶನಿವಾರ ಬೆಳಿಗ್ಗೆ ಡಾಕ್ಟರಮ್ಮನ ಬಾಗಿಲಿಗೆ ಮೊದಲೇ ಹೋಗಿಬಿಟ್ಟರೆ? ಭಾವಮೈದುನ ಬೇರೆ ಎರಡು ದಿನದಿಂದ ಫೋನು ನೋಡಿಕೊಂಡು ನಗುತ್ತಿದ್ದ. ಯಾರ ಹತ್ತಿರ ಮಾತಾಡುತ್ತಿದ್ದಾನೆ? ಹೆಂಡತಿಯೂ ದಿಂಬಿನ ಕೆಳಗೆ ದುಂಡನೆಯ ಕಾಗದದ ತುಂಡುಗಳು ಸಿಕ್ಕಿದಾಗಿನಿಂದ ಗಂಡನನ್ನು ಓರೆಗಣ್ಣಲ್ಲಿ ನೋಡತೊಡಗಿದ್ದರು. ಮನೆಯಲ್ಲಿ ಯಾರೂ ಯಾರಿಗೂ ಬೆನ್ನು ತೋರಿಸದೆ ಓಡಾಡುವ ಸ್ಥಿತಿ ಬಂತು.

ಕಸೂತಿ ಅಂಗಡಿಯಾಕೆ ಮಿಷನ್ನು ನಿಲ್ಲಿಸಿ, ಯಾವ ಬಟ್ಟೆಗೆ ಎಂದು ಕೇಳಿದಳು. ಎಲ್ಲರನ್ನೂ ಕೇಳುವ ಪ್ರಶ್ನೆ. ತಪಾಸಣೆಯವರಿಗೆ ಅದೇ ಪೋಲೀಸು ವಿಚಾರಣೆಯಂತೆ ಕೇಳಿಸಿತು.

“ಅದೆಲ್ಲ ನಿಮಗ್ಯಾಕೆ? ಒಂಬತ್ತು ಇಂಚು. ದುಂಡಗೆ. ನಾಲ್ಕು.”

“ಒಂಬತ್ತು ಅಂದ್ರೆ ಜಾಕೆಟ್ಟಿನ ಬೆನ್ನಿಗಾ ಸಾರ್?”

ಇಲ್ಲಿ ತಪಾಸಣೆಯವರು ತಮ್ಮ ಬುದ್ಧಿವಂತಿಕೆಯ ಶಿಖರವೇರಿದರು. ಎದೆ ಎಂದರೆ ಗುಟ್ಟು ಬಯಲಾಗುತ್ತದೆ. ಬೆನ್ನು ಎಂದರೆ ಎದುರಾಳಿಗಳು ಹಿಂದಿನಿಂದ ಹುಡುಕುತ್ತಾರೆ, ನಾವು ಮುಂದಿನಿಂದ ಹೋಗುತ್ತೇವೆ.

“ಬೆನ್ನಿಗೇ ಅಂತ ಇಟ್ಕೊಳ್ಳಿ,” ಎಂದು ಅರ್ಧ ಕಣ್ಣು ಮುಚ್ಚಿದರು.

ಆಕೆ ಪಾಪ, ಇಟ್ಟುಕೊಂಡಳು. ಜಾಕೆಟ್ಟಿನ ಬೆನ್ನಿಗೆ ಬೇಕಾದ ಹಾಗೆ ಅಡಿಯಲ್ಲಿ ದಪ್ಪ ಕ್ಯಾನ್‌ವಾಸು ಕೊಟ್ಟು, ಅಂಚಿಗೆ ಹಗ್ಗದಂಥ ದಾರ ಸುತ್ತಿ, ಸುಕ್ಕಾಗದ ಹಾಗೆ ಗಟ್ಟಿ ಮಾಡಿ ಶುಕ್ರವಾರ ಸಂಜೆ ಕೊಟ್ಟಳು. ಒಳ್ಳೆಯ ಕೆಲಸ. ಮೇಜಿನ ಮೇಲೆ ಇಟ್ಟರೆ ಠಣ್ ಎನ್ನುತ್ತಿತ್ತು.

ಶನಿವಾರ ಬೆಳಿಗ್ಗೆ ಹೆಂಡತಿ ಪೊಟ್ಟಣ ಬಿಚ್ಚಿದರು. ಒಂದನ್ನು ಕೈಗೆತ್ತಿಕೊಂಡು, ಆಚೀಚೆ ತಿರುಗಿಸಿ, ಊಟದ ತಟ್ಟೆಯ ಪಕ್ಕದಲ್ಲಿಟ್ಟು ನೋಡಿದರು. ತಟ್ಟೆ ಒಂದು ಬೆರಳು ದೊಡ್ಡದಿತ್ತು, ಅಷ್ಟೇ ಸಮಾಧಾನ. ಬದಲಾಯಿಸಲು ಹೊತ್ತಿಲ್ಲ, ಗುರುತಿಲ್ಲದೆ ಹೋಗುವಂತಿಲ್ಲ. ಅಮ್ಮ ಕನ್ನಡಕ ಏರಿಸಿ ಹೊಲಿಯಲು ಕೂತರು. ಅಡಿಯ ಭಾಗ ಹೇಗೋ ಕೂತಿತು. ಮೇಲಿನ ಅಂಚಿಗೆ ಬಂದಾಗ ಸೂಜಿಗಳು ಒಂದೊಂದಾಗಿ ಪ್ರಾಣ ಬಿಟ್ಟವು.

“ಸೂಜಿ ಮುರೀತಿದೆ ಕಣೋ. ಇದನ್ನ ಹೊಲಿಯೋಕೆ ನಾನಲ್ಲ, ಕಮ್ಮಾರ ಬೇಕು.”

ಕೊನೆಗೆ ಮೇಲ್ಭಾಗವನ್ನು ಎರಡು ಕಡೆ ಒಂದೊಂದು ಹೊಲಿಗೆ ಹಾಕಿ ಬಿಟ್ಟರು. ಅಂಗಿಯ ಜೇಬು ಅದರಡಿಯಲ್ಲಿ ಶಾಶ್ವತವಾಗಿ ಸಮಾಧಿಯಾಯಿತು. ಪೈಲ್ವಾನನ ಎದೆಯ ಮೇಲೆ ಪ್ಯಾಚು ಹೇಳಿ ಮಾಡಿಸಿದ ಹಾಗಿತ್ತು. ಹೆಂಡತಿಯ ಮೇಲೆ ಅದು ಗಲ್ಲದಿಂದ ಶುರುವಾಯಿತು. ಭಾವಮೈದುನನ ಎದೆಯಲ್ಲಿ ಅಷ್ಟು ಜಾಗವೇ ಇರಲಿಲ್ಲ. ಪ್ಯಾಚಿನ ಕಾಲುಭಾಗ ಕಂಕುಳೊಳಗೆ ಹೋಗಿ, ಎಡಗೈ ರೆಕ್ಕೆಯ ಹಾಗೆ ಎತ್ತಿಯೇ ನಿಂತಿತು. ತಪಾಸಣೆಯವರು ರಜೆ ಹಾಕಿ, ಮಿಕ್ಕಿದ್ದ ಒಂದನ್ನು ತಾವೂ ಧರಿಸಿ, ಮೇಲ್ವಿಚಾರಣೆಗೆಂದು ಮುಂದಿನ ಸೀಟಿನಲ್ಲಿ ಕೂತರು. ದಾರಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತವರು ತಮ್ಮ ಪ್ಯಾಚನ್ನು ಓದುತ್ತಿದ್ದಾರೆಂದು ಅವರಿಗೆ ಹೆಮ್ಮೆ. ನಿಂತವರು ನಗುತ್ತಿದ್ದರು.

ಚಿಕಿತ್ಸಾಲಯದ ಕಾವಲಿನವನು ಗೇಟು ತೆರೆಯಲೇ ಇಲ್ಲ. ಅವನ ಅನುಮಾನವೂ ನ್ಯಾಯವಾದದ್ದೇ. ಬಂದು ಹೋಗುವ ರಿಪೇರಿಯವರು, ಔಷಧಿಯವರು ಎಲ್ಲರ ಅಂಗಿಯ ಮೇಲೂ ಪುಟ್ಟ ಗುರುತಿರುತ್ತದೆ. ನಂಬಿ ನಂಬಿ ಎನ್ನುವ ಹಾಗೆ ಎದೆಯಗಲ ಹೆಸರು ಬರೆಸಿಕೊಂಡು ಬಂದವರನ್ನು ಅವನು ಈ ಮೊದಲು ಕಂಡಿರಲಿಲ್ಲ. ಭಾವಮೈದುನನನ್ನು ಮೇಲಿಂದ ಕೆಳಗೆ ನೋಡಿ, ಕಂಕುಳಲ್ಲಿ ಏನು ಎಂದು ಕೇಳಿದ. ಏನೂ ಇಲ್ಲ ಎಂದರೆ ಕೈ ಇಳಿಸು ಎಂದ. ಕೈ ಇಳಿಯಲಿಲ್ಲ. ಡಾಕ್ಟರಮ್ಮನೇ ಹೊರಗೆ ಬಂದು, ಹೆಂಡತಿಯ ಮುಖ ನೋಡಿ, ಇವರೇ ಬಿಡು ಎಂದ ಮೇಲೆ ಗೇಟು ತೆರೆಯಿತು. ಪ್ಯಾಚನ್ನು ಅವರು ನೋಡಲೂ ಇಲ್ಲ.

ಆಮೇಲೆ ಕೆಲಸ. ಬಗ್ಗಿದರೆ ಪ್ಯಾಚಿನ ಅಂಚು ಗಲ್ಲಕ್ಕೆ ಗುದ್ದುತ್ತಿತ್ತು. ಎತ್ತಿದರೆ ಅಂಗಿ ಸಮೇತ ಮೇಲೇರಿ ಮೂಗನ್ನು ಮುಟ್ಟುತ್ತಿತ್ತು. ಭಾವಮೈದುನ ಒಂದೇ ಕೈಯಲ್ಲಿ ಕುರ್ಚಿಗಳನ್ನು ಸಾಗಿಸಿದ. ಹೆಂಡತಿ ಪೈಲ್ವಾನನ ಜೊತೆ ಯಂತ್ರಗಳನ್ನು ಹಿಡಿದರು. ಕನ್ನಡಕದ ನಂಬರು ನೋಡಲು ಕಣ್ಣ ಮುಂದೆ ಇಡುತ್ತಾರಲ್ಲ, ಆ ಸಣ್ಣ ದುಂಡು ಗಾಜುಗಳ, ಮುಚ್ಚಳ ಸಡಿಲವಾದ ಪೆಟ್ಟಿಗೆಯನ್ನು ಮಾತ್ರ ಯಾರ ಕೈಗೂ ಕೊಡದೆ, ಮಗುವಿನ ಹಾಗೆ ಎದೆಗವಚಿಕೊಂಡು ತಾವೇ ಗಾಡಿಗೆ ಏರಿಸಿದರು, ತಾವೇ ಇಳಿಸಿದರು.

ಹೊಸ ಕಟ್ಟಡದಲ್ಲಿ ಡಾಕ್ಟರಮ್ಮ ಆ ಪೆಟ್ಟಿಗೆ ತೆರೆದರು. ಸಾಲಾಗಿ ಕೂತ ಗಾಜುಗಳ ನಡುವೆ ಒಂದು ಗೂಡು ಖಾಲಿ.

ಒಂದು ಗಾಜು ಕಾಣುತ್ತಿಲ್ಲವಲ್ಲ, ಗಾಡಿಯಲ್ಲಿ ಬಿದ್ದಿರಬಹುದು, ನೋಡೋಣ ಎಂದರು ಅವರು, ಸಾವಧಾನವಾಗಿ. ಹೆಂಡತಿ ಖಾಲಿ ಗೂಡಿಗೆ ಬೆರಳಿಟ್ಟು ನೋಡಿದರು. ಸೋಮವಾರದ ಮಾಲೀಕ ಕಣ್ಣೆದುರು ಬಂದು ನಿಂತಿರಬೇಕು.

ತಪಾಸಣೆಯವರಿಗೆ ಮಾತ್ರ ಮೈಯಲ್ಲಿ ಹೊಸ ಜೀವ ಬಂತು. ಇಡೀ ದಿನ ಅವರು ಕಾದದ್ದು ಇದಕ್ಕೇ ಅನ್ನುವ ಹಾಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಯಾರೂ ಹೊರಗೆ ಹೋಗಕೂಡದು. ಮೊದಲ ಸರದಿ ಭಾವಮೈದುನನದು.

“ಆ ಕೈಯಡಿ ಏನಿದೆ? ಇಳಿಸು.”

“ಇಳಿಯಲ್ಲ ಭಾವ. ನಿಮ್ಮ ಪ್ಯಾಚು ಬಿಡ್ತಿಲ್ಲ.”

ಎಲ್ಲರೆದುರು ಆ ಹುಡುಗನ ಪ್ಯಾಂಟಿನ ಜೇಬುಗಳನ್ನು ಹೊರಗೆಳೆದರು. ಒಂದು ಬಾಚಣಿಗೆ ಬಿತ್ತು. ಫೋನು ಕಸಿದು ಯಾರ ಹತ್ತಿರ ನಗುತ್ತಿದ್ದೀಯ ಎಂದು ನೋಡಿದರು. ಯಾವುದೋ ಮದುವೆಯ ಮಾತುಕತೆ, ಹೆಣ್ಣಿನ ಫೋಟೋ. ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಪೈಲ್ವಾನ. ಅಷ್ಟು ದೊಡ್ಡ ಮನುಷ್ಯ ಎರಡೂ ಕೈ ಮೇಲೆತ್ತಿ, ಹುಡುಕಿ ಸ್ವಾಮಿ, ನಮಗೆ ರೂಢಿ ಇದೆ ಎಂದ. ಆ ಮಾತು ಕೇಳಿದ ಮೇಲೂ ಹುಡುಕುವವರು ಯಾವ ಜಾತಿಯ ಮನುಷ್ಯರು, ನೀವೇ ಹೇಳಿ. ತಪಾಸಣೆಯವರು ಹುಡುಕಿದರು.

ಅಷ್ಟರಲ್ಲಿ ಹೆಂಡತಿ, ಮೇಜಿನ ಅಡಿ ಬಿದ್ದಿರಬಹುದೇ ಎಂದು ಬಗ್ಗಿದರು. ಅವರ ಪ್ಯಾಚಿನ ಮೇಲಂಚು ಬಾಯಿ ತೆರೆಯಿತು. ಟಿಣ್ ಎಂದು ಒಂದು ದುಂಡು ಗಾಜು ನೆಲಕ್ಕೆ ಬಿದ್ದು, ಉರುಳಿಕೊಂಡು ಬಂದು ಗಂಡನ ಬೂಟಿಗೆ ತಾಗಿ ನಿಂತಿತು.

ಎಲ್ಲರಿಗೂ ಅರ್ಥವಾಯಿತು. ಹೊಲಿಯದೆ ಬಿಟ್ಟ ಮೇಲಂಚು, ಎದೆಗವಚಿದ ಪೆಟ್ಟಿಗೆ, ಸಂದಿನಲ್ಲಿ ಜಾರಿದ ಗಾಜು. ಪೈಲ್ವಾನನಿಗೂ ಅರ್ಥವಾಗಿ ನಗು ಬಂತು. ಅರ್ಥವಾಗದ್ದು ಒಬ್ಬರಿಗೇ. ತಪಾಸಣೆಯವರು ಗಾಜನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಹೆಂಡತಿಯತ್ತ ತಿರುಗಿ, ಟಿಕೆಟ್ಟಿಲ್ಲದ ಪ್ರಯಾಣಿಕರಿಗೆಂದೇ ಮೀಸಲಿಟ್ಟ ಧ್ವನಿಯಲ್ಲಿ ಕೇಳಿಬಿಟ್ಟರು:

“ಇದು ನಿನ್ನ ಹತ್ರ ಹೇಗೆ ಬಂತು?”

ಬಾಯಿಂದ ಹೊರಟ ಮೇಲೆ ಗೊತ್ತಾಯಿತು. ಆದರೆ ಹೊರಟಾಗಿತ್ತು.

ಹೆಂಡತಿ ನಿಧಾನವಾಗಿ ಎದ್ದು ನಿಂತರು. ಪ್ಯಾಚಿನ ಅಂಚಿಗೆ ಬೆರಳು ತೂರಿಸಿ ಒಂದೇ ಸಲ ಎಳೆದರು. ಚರ್ರನೆ ದಾರದ ಜೊತೆ ಅಂಗಿಯ ತುಂಡೂ ಕಿತ್ತು ಬಂತು. ಅದನ್ನು ಗಂಡನ ಕೈಯಲ್ಲಿಟ್ಟರು.

“ಗಾಜು ಡಾಕ್ಟರಮ್ಮಂದು. ಅವರೇ ಈ ಪ್ರಶ್ನೆ ಕೇಳಲಿಲ್ಲ, ರೀ.”

ತಪಾಸಣೆಯವರು ಪ್ಯಾಚನ್ನು ಮುಖದೆದುರು ಹಿಡಿದರು. ಒಂಬತ್ತು ಇಂಚಿನ ಪ್ಯಾಚಿನ ಹಿಂದೆ ಒಬ್ಬ ಮನುಷ್ಯ ಎಷ್ಟು ಅಡಗಬಹುದೋ ಅಷ್ಟು ಅಡಗಲು ನೋಡಿದರು. ಡಾಕ್ಟರಮ್ಮ ಅವರ ಕೈಯಿಂದ ಗಾಜನ್ನು ತೆಗೆದುಕೊಂಡು ಒರೆಸಿ ಅದರ ಗೂಡಿನಲ್ಲಿ ಕೂರಿಸಿ, ಪೆಟ್ಟಿಗೆ ಮುಚ್ಚಿ, ಕನ್ನಡಕದ ಮೇಲಿನಿಂದ ಹೆಂಡತಿಯನ್ನು ನೋಡಿದರು.

“ಉಳಿದ ಶಾಖೆಗಳಿಗೂ ನೀನೇ ಬಾರಮ್ಮ. ನಿನ್ನ ತಮ್ಮನೂ ಬರಲಿ, ಆ ದೊಡ್ಡವರೂ ಬರಲಿ. ಇವರು ಮಾತ್ರ ಬೇಡ. ಇವರು ಹೀಗೆ ಬಾಗಿಲಲ್ಲಿ ನಿಂತರೆ, ನನಗೇ ನನ್ನ ಜೇಬು ಮುಟ್ಟಿ ನೋಡ್ಕೋಬೇಕು ಅನ್ನಿಸುತ್ತೆ.”

ವಾಪಸು ಬರುವಾಗ ಮುಂದಿನ ಸೀಟಿನಲ್ಲಿ ಪೈಲ್ವಾನ ಕೂತ. ತಪಾಸಣೆಯವರು ಹಿಂದೆ, ಖಾಲಿ ಗಾಡಿಯಲ್ಲಿ, ಕೊನೆಗೂ ಕೈ ಇಳಿಸಿ ಕೂತ ಭಾವಮೈದುನನ ಎದುರು. ಹೆಣ್ಣು ಯಾವ ಕಡೆಯವಳು ಎಂದು ಕೇಳಲು ಹೋಗಿ, ಆ ಪ್ರಶ್ನೆಯೂ ವಿಚಾರಣೆಯ ಹಾಗೇ ಕೇಳಿಸೀತು ಎಂದು ಹೆದರಿ, ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡರು.

ನೀವು ನಗುತ್ತಿದ್ದೀರಿ, ನಗಿ. ನಕ್ಕಾದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಕಸ ಗುಡಿಸುವಾಕೆ ಹೊರಟಾಗ ಅವಳ ಚೀಲದ ಮೇಲೆ ಕಣ್ಣಾಡಿಸಿದ್ದೀರಲ್ಲ, ನಲ್ಲಿ ರಿಪೇರಿಯವನು ಹೋದ ಮೇಲೆ ಚಮಚಗಳನ್ನು ನೋಡಿಕೊಂಡಿದ್ದೀರಲ್ಲ? ಅವರಿಗೆ ಅದು ಗೊತ್ತಾಗಿದೆ. ನಾಳೆ ಅವರು ಬರುತ್ತಾರೆ. ಬಾಗಿಲು ತೆರೆದು, ಅವರ ಮುಖ ನೋಡಿ, ತಪ್ಪಾಯಿತು ಎಂದು ಹೇಳಿ. ಹೇಳಿ ಆಮೇಲೆ ಒಳಗೆ ಕರೆಯಿರಿ.