ಎತ್ತರದ ಟ್ರಕ್ಕಿನ ಠಣಠಣ

ಕನ್ನಡಕದ ಅಂಗಡಿಯಾತನಿಗೆ ತನ್ನ ಹಳೆಯ ಪಿಕಪ್ ಟ್ರಕ್ಕನ್ನು ಎತ್ತರಿಸುವ ಹುಚ್ಚು ಯಾವಾಗ ಹಿಡಿಯಿತೋ ಅವನ ಹೆಂಡತಿಗೂ ಗೊತ್ತಿಲ್ಲ. ಉದ್ದನೆಯ ಸ್ಪ್ರಿಂಗು, ದಪ್ಪ ಚಕ್ರ ಹಾಕಿಸಿ, ಕಲ್ಲುಮುಳ್ಳಿನ ಬೆಟ್ಟವನ್ನೂ ಹತ್ತುವ ಗಾಡಿ ಎಂದು ಬೀಗಿದ್ದ. ಹತ್ತುವುದೇನೋ ಹತ್ತುತ್ತಿತ್ತು. ಆದರೆ ಒಂದು ಸಣ್ಣ ಗುಂಡಿ ಸಿಕ್ಕರೂ ಸಾಕು, ಮುಂದಿನ ಚಕ್ರಗಳ ನಡುವಿನಿಂದ ‘ಠಣ್’ ಎಂದು ಸದ್ದು ಬಂದು, ಒಳಗೆ ಕೂತವರ ಸೊಂಟ ಸಡಿಲವಾಗುತ್ತಿತ್ತು. ಹೆಂಡತಿ ಒಮ್ಮೆ ಕೂತು ಬಂದವಳು ಮತ್ತೆ ಅದರ ಹತ್ತಿರ ಸುಳಿದಿರಲಿಲ್ಲ.

ರಜೆಯ ದಿನ ಬೆಳಿಗ್ಗೆ ಅವಳು ವಿಷಯ ತೆಗೆದಳು.

“ರೀ, ನಮ್ಮಣ್ಣನ ಕೋಳಿ ಫಾರಂಗೆ ಒಂದು ಗಾಡಿ ಬೇಕಂತೆ. ಇದನ್ನ ಕೊಟ್ಟುಬಿಡೋಣ.”

“ಕೋಳಿ ಸಾಗ್ಸೋಕೆ ನನ್ನ ಟ್ರಕ್ಕಾ!” ಅವನಿಗೆ ಅಳುವೇ ಬಂದಂತಾಯಿತು. “ಇವತ್ತೊಂದಿನ ಟೈಮ್ ಕೊಡು. ಸದ್ದು ನಿಲ್ಲಿಸ್ತೀನಿ. ಸಂಜೆ ನಿನ್ನನ್ನ ಬೆಟ್ಟದ ತುದಿಗೆ ಕರ್ಕೊಂಡು ಹೋಗಿ ಸೂರ್ಯ ಮುಳುಗೋದು ತೋರಿಸ್ತೀನಿ.”

“ಆಯ್ತು. ಇವತ್ತು ಬೆಟ್ಟಕ್ಕೆ ಹೋಗಿ ಬಂದ್ರೆ ಗಾಡಿ ನಿಮ್ಮದು. ಇಲ್ಲಾಂದ್ರೆ ನಾಳೆ ಅಣ್ಣಂದು.”

ರೋಗ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಗಾಡಿ ತಿರುವಿನಲ್ಲಿ ವಾಲದಿರಲೆಂದು ಮುಂದಿನ ಎರಡು ಚಕ್ರಗಳ ನಡುವೆ ಒಂದು ಅಡ್ಡ ಸರಳಿತ್ತು. ಗಾಡಿ ಎತ್ತರವಾದರೂ ಆ ಸರಳನ್ನು ಹಿಡಿದ ಕೊಂಡಿಗಳು ಮೊದಲಿನಷ್ಟೇ ಗಿಡ್ಡ. ಬೆಳೆದ ಹುಡುಗನಿಗೆ ಹಳೆಯ ಚಡ್ಡಿ ತೊಡಿಸಿದ ಹಾಗೆ ಎಲ್ಲವೂ ಬಿಗಿದುಕೊಂಡು, ಸರಳು ಹೋಗಿ ಚಾಸಿಸ್ಸಿಗೆ ಬಡಿಯುತ್ತಿತ್ತು. ಉದ್ದದ ಕೊಂಡಿ ಹಾಕಿದರೆ ಮುಗಿಯಿತು.

ಜ್ಯಾಕ್ ಕೊಟ್ಟು ಗಾಡಿಯ ಮೂತಿ ಎತ್ತಿದ್ದೇ ತಡ, ಮಹಡಿ ಮನೆಯ ನಿವೃತ್ತ ಬಸ್ ಡ್ರೈವರ್ ಇಳಿದು ಬಂದರು.

“ಏನಪ್ಪಾ, ಕನ್ನಡಕ ರಿಪೇರಿ ಮಾಡೋ ಹಾಗೆ ಎರಡು ಬೆರಳಲ್ಲಿ ಸ್ಪ್ಯಾನರ್ ಹಿಡಿದಿದ್ದೀಯ! ತುಕ್ಕು ಹಿಡಿದ ಬೋಲ್ಟಿಗೆ ಮರ್ಯಾದೆ ಕೊಟ್ರೆ ಬರುತ್ತಾ? ಸುತ್ತಿಗೆ ಕೊಡಿಲ್ಲಿ.”

ಅವರು ಕೊಟ್ಟ ಏಟಿಗೆ ಬೋಲ್ಟು ಚಂಗನೆ ಹಾರಿ ಕಾಂಪೌಂಡ್ ದಾಟಿತು. ಮರುಕ್ಷಣ ಎದುರುಮನೆಯ ವೆಲ್ಡರ್ ಕೈಯಲ್ಲಿ ಲೋಟ ಹಿಡಿದು ಬಂದ.

“ಯಾರ್ರೀ ನನ್ನ ಟೀಗೆ ಬೋಲ್ಟ್ ಹಾಕಿದ್ದು?”

ಜಗಳಕ್ಕೆ ಬಂದವನು ಗಾಡಿಯ ಅಡಿಗೆ ಇಣುಕಿದ್ದೇ ಎಲ್ಲ ಮರೆತು ಅಂಗಿಯ ತೋಳು ಮಡಿಸಿದ. ಡ್ರೈವರ್ ಟೇಪು ಹಿಡಿದು ಅಳತೆ ಕೂಗಿದರು, ವೆಲ್ಡರ್ ಹೊಸ ಕೊಂಡಿ ಬೆಸೆದ. ಗಾಡಿಯ ಯಜಮಾನ ತನ್ನದೇ ಗಾಡಿಯ ಪಕ್ಕ ಚಿಂದಿಬಟ್ಟೆ ಹಿಡಿದು ನಿಂತಿದ್ದ. ಕೊಂಡಿ ಸಲೀಸಾಗಿ ಕೂತಿತು. ಜ್ಯಾಕ್ ಇಳಿಸಿದರೆ ಗಾಡಿಯ ಭಾರಕ್ಕೆ ಸ್ಪ್ರಿಂಗು ಕುಗ್ಗಿ, ಸರಳು ಕೆಳಗೆ ಬಾಗಿ ಸ್ಟೀರಿಂಗಿನ ರಾಡಿಗೇ ಆತುಕೊಂಡಿತು. ಸ್ಟೀರಿಂಗ್ ಅಲ್ಲಾಡಲಿಲ್ಲ.

“ಚಕ್ರ ನೇತಾಡ್ತಿದ್ದಾಗ ಅಳತೆ ತಗೊಂಡಿದ್ಯಾರು?” ವೆಲ್ಡರ್ ಕೇಳಿದ. “ಚಕ್ರ ನೆಲದ ಮೇಲಿರಬೇಕಿತ್ತು.”

“ಬಸ್ಸಲ್ಲಿ ಹೀಗೆಲ್ಲ ಇರ್ಲಿಲ್ಲಪ್ಪ,” ಎಂದು ಡ್ರೈವರ್ ಆಕಾಶ ನೋಡಿದರು.

ಮತ್ತೆ ಕತ್ತರಿಸುವುದು, ಮತ್ತೆ ಬೆಸೆಯುವುದು, ಮತ್ತೆ ಬಡಿಯುವುದು. ಹೆಂಡತಿ ಬೆಳಿಗ್ಗೆಯಿಂದ ಟಾರ್ಚ್ ಹಿಡಿದು, ಟೀ ಕಾಸಿ, ಎಣ್ಣೆ ಒರೆಸಿ ಸುಸ್ತಾಗಿದ್ದಳು. “ಊಟವಾದ್ಮೇಲೆ ಒಂದು ಗಳಿಗೆ ಕಣ್ಣು ಮುಚ್ಚೋಣ ಅಂದ್ರೆ ಈ ಬಡಿತ!” ಎಂದು ಗೊಣಗಿದಳು.

ಸಂಜೆಗೆ ಸರಿಯಾಗಿ ಕೆಲಸ ಮುಗಿಯಿತು. ವೆಲ್ಡರ್ ಮನೆಗೆ ಹೋದ, ಡ್ರೈವರ್ ಸ್ನಾನಕ್ಕೆ ಮೇಲೆ ಹೋದರು. ಹೆಂಡತಿ ಕೊಟ್ಟ ಮಾತಿನಂತೆ ಸ್ಟೂಲ್ ಹಾಕಿಕೊಂಡು ಹತ್ತಿ ಕೂತಳು. ಅವನು ಕೈ ತೊಳೆದು, ಸಾಮಾನು ಎತ್ತಿಟ್ಟು ಬರುವಷ್ಟರಲ್ಲಿ ಸೀಟಿಗೆ ತಲೆ ಆನಿಸಿ ನಿದ್ದೆಹೋಗಿದ್ದಳು.

ಗಾಡಿ ಗೇಟಿನ ಮುಂದಿನ ಗುಂಡಿಗೆ ಇಳಿಯಿತು. ಸದ್ದಿಲ್ಲ. ಬೆಟ್ಟದ ದಾರಿಯ ಬಂಡೆಗಳನ್ನು ಒಂದೊಂದಾಗಿ ಹತ್ತಿಳಿಯಿತು. ಸದ್ದಿಲ್ಲ. ಅವನಿಗೆ ಸಂತೋಷ ತಡೆಯಲಾಗಲಿಲ್ಲ. ತುದಿ ತಲುಪಿದಾಗ ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ.

“ಬಂದ್ವಿ ನೋಡೇ,” ಎಂದು ಮೆಲ್ಲಗೆ ಭುಜ ಮುಟ್ಟಿದ.

“ಹೂಂ... ಐದು ನಿಮಿಷ,” ಎಂದು ಅವಳು ಆ ಕಡೆಗೆ ಹೊರಳಿದಳು.

ದಿನವಿಡೀ ದುಡಿದವಳನ್ನು ಎಬ್ಬಿಸಲು ಅವನಿಗೆ ಮನಸ್ಸು ಬರಲಿಲ್ಲ. ಸೂರ್ಯ ಐದು ನಿಮಿಷ ಕಾಯಲಿಲ್ಲ. ಕತ್ತಲಾಗುತ್ತಲೇ ಅವನು ತುಂಬಿದ ಹಾಲಿನ ಪಾತ್ರೆ ಹೊತ್ತವನಂತೆ ಗಾಡಿಯನ್ನು ಇಳಿಸಿಕೊಂಡು ಬಂದು, ಮನೆಯ ಮುಂದೆ ಹೊರಟ ಜಾಗದಲ್ಲೇ ನಿಲ್ಲಿಸಿದ.

ಹೆಂಡತಿ ಆಕಳಿಸುತ್ತ ಕಣ್ಣು ಬಿಟ್ಟಳು. ಎದುರಿಗೆ ಅದೇ ಗೋಡೆ, ಪಕ್ಕದಲ್ಲಿ ಅದೇ ಸ್ಟೂಲು.

“ಇನ್ನೂ ಹೊರಟೇ ಇಲ್ವಾ?”

“ಹೋಗಿ ಬಂದ್ವಿ ಕಣೇ! ಬೆಟ್ಟ ಹತ್ತಿ ಇಳಿದೂ ಆಯ್ತು!”

“ಈ ಗಾಡೀಲಿ? ನನಗೆ ಎಚ್ಚರ ಆಗದ ಹಾಗೆ?” ಅವಳಿಗೆ ನಗು ತಡೆಯಲಾಗಲಿಲ್ಲ. “ಸುಳ್ಳು ಹೇಳಿದ್ರೂ ನಂಬೋ ಹಾಗಿರಬೇಕು ರೀ.”

ಅವನು ಕಂಗಾಲಾಗಿ ಮಹಡಿಯತ್ತ ಕೂಗಿದ. “ಸಾರ್, ನೀವಾದ್ರೂ ಹೇಳಿ! ಗಾಡಿ ಹೊರಗೆ ಹೋಗಿತ್ತಲ್ವಾ?”

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದರು. “ಎಲ್ಲಪ್ಪಾ? ಅದು ಗೇಟು ದಾಟಿದ್ರೆ ನಮ್ಮನೆ ಗಾಜೆಲ್ಲ ಅದುರುತ್ತೆ. ಸಂಜೆಯಿಂದ ಒಂದು ಠಣ್ ಕೂಡ ಕೇಳಿಸ್ಲಿಲ್ಲ. ಪಾಪ, ಮತ್ತೇನೋ ಕೆಟ್ಟಿರಬೇಕು ಅಂತ ನಾನೇ ಬೇಜಾರು ಮಾಡ್ಕೊಂಡೆ.”

ಹೆಂಡತಿ ಇಳಿಯುತ್ತಲೇ ಫೋನ್ ಕಿವಿಗಿಟ್ಟಳು.

“ಅಣ್ಣಾ, ನಾಳೆ ಬೆಳಿಗ್ಗೆನೇ ಬಾ, ಗಾಡಿ ತಗೊಂಡು ಹೋಗು. ಹಾಂ, ಬರುವಾಗ ಒಂದು ಗಟ್ಟಿ ಹಗ್ಗ ತಗೊಂಡು ಬಾ. ಅದು ನಿಂತ ಜಾಗ ಬಿಟ್ಟು ಕದಲಲ್ಲ.”