ಹಲ್ಲು ಕೂಡಿಸುವ ಫಜೀತಿ

ಬಾಯಿ ಪೂರ್ತಿ ಖಾಲಿಯಾದವರಿಗೆ ಹಲ್ಲಿನ ಸೆಟ್ ಕೂಡಿಸುವುದನ್ನು ದಂತವೈದ್ಯರಾಗುವ ಹುಡುಗ ಹುಡುಗಿಯರಿಗೆ ಕಲಿಸುವುದು ನನ್ನ ಕೆಲಸ. ರೋಣ, ನರಗುಂದ, ಗಜೇಂದ್ರಗಡದ ಕಡೆ ಶಿಬಿರ ಹಾಕಿದಾಗಲೆಲ್ಲ ಒಂದಿಲ್ಲೊಂದು ಗೊಂದಲ ಆಗದೆ ನಾವು ವಾಪಸ್ ಬಂದದ್ದೇ ಇಲ್ಲ. ರೋಗಿಗಳ ಮಾತು ನಮ್ಮ ಹುಡುಗರಿಗೆ ತಿಳಿಯುವುದಿಲ್ಲ, ಹುಡುಗರ ಮಾತು ರೋಗಿಗಳಿಗೆ ತಿಳಿಯುವುದಿಲ್ಲ. ಎರಡೂ ತಿಳಿಯುವ ನನಗೆ ತಲೆ ಕೆಡುತ್ತದೆ.

ಗಟ್ಟಿ ಹಿಡ್ಕೊಳ್ಳಿ

ರೋಣದಲ್ಲಿ ಮೈಸೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಅಸೂಟಿಯ ಅಜ್ಜನನ್ನು ಕುರ್ಚಿಯಲ್ಲಿ ಕೂರಿಸಿದ್ದಳು. ದವಡೆಗಳು ಎಲ್ಲಿ ಕೂಡುತ್ತವೆ ಎಂದು ನೋಡಲು ಬಾಯಲ್ಲಿ ಮೇಣದ ಅಚ್ಚು ಇಟ್ಟು ಕಚ್ಚಿಸಬೇಕು.

"ತಾತ, ಕಚ್ಚಿ... ಗಟ್ಟಿಯಾಗಿ ಹಿಡ್ಕೊಳ್ಳಿ" ಅಂದಳು.

ಅಜ್ಜ ಗಾಬರಿಯಾಗಿ ಕೆಳಗೆ ನೋಡಿಕೊಂಡ. ಎರಡೂ ಕೈ ಹಿಂದೆ ಒಯ್ದು ಸೊಂಟ ಹಿಡಿದುಕೊಂಡ. ಬಾಯಿ ಹಾಗೇ ತೆರೆದಿತ್ತು.

"ಇನ್ನೂ ಗಟ್ಟಿ, ತಾತ! ಬಿಡಬೇಡಿ!"

ಅಜ್ಜನ ಮುಖ ಕೆಂಪಾಯಿತು. ಹುಡುಗಿ ನನ್ನ ಹತ್ತಿರ ಓಡಿ ಬಂದಳು. "ಮೇಡಂ, ತಾತ ಬಾಯಿ ಮುಚ್ತಾನೇ ಇಲ್ಲ. ಸೊಂಟ ಹಿಡ್ಕೊಂಡು ಕೂತಿದ್ದಾರೆ. ಬೆನ್ನುನೋವೇನೋ."

ನಮ್ಮ ಕಡೆ ಧೋತರದ ಕಚ್ಚೆಗೆ 'ಕಚ್ಚಿ' ಎಂದೇ ಅನ್ನುತ್ತಾರೆಂದು ಆ ಕೂಸಿಗೆ ಹೇಗೆ ಗೊತ್ತಾಗಬೇಕು? ನಾನು ಹೋದ ಕೂಡಲೇ ಅಜ್ಜ ಮೇಣದ ಅಚ್ಚು ಹೊರಗೆ ತೆಗೆದ.

"ಡಾಕ್ಟರ್ ಬಾಯಾರ, ಎಷ್ಟ ಹಿಡದ್ರೂ ಇನ್ನೂ ಗಟ್ಟಿ ಹಿಡಿ ಅಂತಾಳ ಈ ತಂಗಿ. ಖರೇ ಹೇಳ್ರಿ, ನೀವು ಹಲ್ಲ ಕೂಡಸಾವ್ರೊ, ಧೋತರ ಕಳ್ಯಾವ್ರೊ?"

ಗುಲಾಬಿ ಹಿಟ್ಟು

ನರಗುಂದದ್ದು ಸಣ್ಣ ಪ್ರಸಂಗ. ವಸಡಿನ ಅಳತೆ ತೆಗೆಯಲು ಗುಲಾಬಿ ಬಣ್ಣದ ಪುಡಿಯನ್ನು ನೀರಲ್ಲಿ ಕಲಸುತ್ತೇವೆ. ಪುದೀನದಂಥ ವಾಸನೆ ಬರುತ್ತದೆ. ಒಬ್ಬ ವಿದ್ಯಾರ್ಥಿ ಅದನ್ನು ಬಟ್ಟಲಲ್ಲಿ ಕಲಸಿ, ಅಜ್ಜಿಯ ಮುಂದಿಟ್ಟು ಅಚ್ಚು ತರಲು ಹೋದ. ಬರುವಷ್ಟರಲ್ಲಿ ಅಜ್ಜಿ ಒಂದು ತುತ್ತು ಬಾಯಿಗೆ ಹಾಕಿಕೊಂಡು ಚಪ್ಪರಿಸುತ್ತಿದ್ದಳು. ಉಗುಳಿ ಬಾಯಿ ಮುಕ್ಕಳಿಸಿ ಎಂದು ಅವನು ಬೇಡಿಕೊಂಡ.

ಅಜ್ಜಿ ಉಗುಳಿ ಅಂದಳು: "ಹೆದರಬ್ಯಾಡೋ ತಮ್ಮಾ, ನಾ ಯಾರ ಮುಂದೂ ಹೇಳಂಗಿಲ್ಲ. ಶೀರಾಕ್ಕ ಸಕ್ರಿ ಹಾಕೂದು ಎಲ್ಲಾರೂ ಒಮ್ಮೆ ಮರೀತಾರ."

ಮನೆಯವರಿಗೆ ತೋರಿಸಿ

ಸೆಟ್ ಗಟ್ಟಿ ಮಾಡುವ ಮುಂಚೆ ಹಲ್ಲುಗಳನ್ನು ಮೇಣದಲ್ಲಿ ಜೋಡಿಸಿ ಬಾಯಲ್ಲಿಟ್ಟು ನೋಡುತ್ತೇವೆ. ಗಜೇಂದ್ರಗಡದಲ್ಲಿ ಮಗ್ಗ ನೇಯುವ ಹಿರಿಯರೊಬ್ಬರಿಗೆ ಹಾಗೆ ಇಟ್ಟ ನಮ್ಮ ಹುಡುಗ, "ಹೊರಗೆ ಮನೆಯವರಿಗೆ ತೋರಿಸಿ ಬನ್ನಿ" ಅಂದ. ಅವರು ಹೋದವರು ಬರಲೇ ಇಲ್ಲ. ಹುಡುಗ ಬಸ್ ಸ್ಟ್ಯಾಂಡಿನವರೆಗೂ ಹುಡುಕಿ ಬೆವರಿ ವಾಪಸ್ ಬಂದ. ಕಡೆಗೆ ಅವರೇ ಬಂದರು. ಮುಂದಿನ ಹಲ್ಲೊಂದು ತುಟಿಗೆ ಅಂಟಿತ್ತು, ಇನ್ನೊಂದು ಅಡ್ಡ ತಿರುಗಿತ್ತು.

"ಏನಾಯ್ತ್ರಿ?" ಹುಡುಗನ ಕಣ್ಣಲ್ಲಿ ನೀರು ಬರುವುದೊಂದೇ ಬಾಕಿ.

"ನೀವ ಅಂದ್ರೆಲ್ಲಾ, ಮನಿಯಾಕಿಗೆ ತೋರಿಸ್ರಿ ಅಂತ. ಆಕಿ ನೋಡಿ ಭಾಳ ಖುಷಿ ಆಗಿ ಸುಡುಸುಡು ಚಹಾ ಕುಡಿಸಿದ್ಳು. ಹೋಗೂಮುಂದ ನಾ ನಗತಿದ್ನಿ. ಈಗ ಹಲ್ಲ ನನ್ನ ನೋಡಿ ನಗಾಕ ಹತ್ಯಾವ."

ಪರೀಕ್ಷೆ

ಕಡೆಯ ವರ್ಷದ ಪರೀಕ್ಷೆ. ರೋಗಿ ಬಾರದಿದ್ದರೆ ವಿದ್ಯಾರ್ಥಿ ನಪಾಸು. ಒಬ್ಬ ಹುಡುಗನ ರೋಗಿ ಹೊಳೆಆಲೂರಿನಿಂದ ರೈಲಿನಲ್ಲಿ, ತಮ್ಮನನ್ನೂ ಕರೆದುಕೊಂಡು ಬಂದಿದ್ದ. ಹುಡುಗ ನಿಟ್ಟುಸಿರು ಬಿಟ್ಟು ನೀರು ಕುಡಿಯಲು ಹೋದ. ಅಣ್ಣ ಹಿತ್ತಲ ಕಡೆ ಹೋದ. ಫ್ಯಾನಿನ ಗಾಳಿ ಚಲೋ ಬರುತ್ತದೆಂದು ತಮ್ಮ ಹೋಗಿ ಅಣ್ಣನ ಕುರ್ಚಿಯಲ್ಲಿ ಒರಗಿದ. ಅದೇ ಹೊತ್ತಿಗೆ ಬೇರೆ ಊರಿಂದ ಬಂದ ಪರೀಕ್ಷಕರು ಒಳಗೆ ಬಂದು ಅವನ ಬಾಯಿ ತೆರೆಸಿದರು.

"ಅಬ್ಬಾ! ಎಷ್ಟು ಸಹಜ! ತಂಬಾಕಿನ ಕಲೆ ಕೂಡ ಮೂಡಿಸಿದ್ದಾನೆ!" ಎಂದು ನನ್ನನ್ನು ಕರೆದರು. ಅಷ್ಟರಲ್ಲಿ ಹುಡುಗ ಬಂದ. ಕುರ್ಚಿಯಲ್ಲಿ ಬೇರೆಯವರನ್ನು ಕಂಡು ಅಣ್ಣನನ್ನು ಕರೆಯಲು ಹಿತ್ತಲ ಕಡೆ ಓಡಿದ.

"ಸ್ವಲ್ಪ ತೆಗೀರಿ ಯಜಮಾನ್ರೇ" ಅಂದರು ಪರೀಕ್ಷಕರು.

"ತೆಗ್ಯಾಕ ಬರಂಗಿಲ್ರಿ. ಇವು ನನ್ನವ."

"ನಿಮ್ಮವೇ. ನೋಡಿ ವಾಪಸ್ ಕೊಡ್ತೀನಿ" ಎಂದು ಎರಡು ಬೆರಳಲ್ಲಿ ಹಿಡಿದು ಎಳೆದರು. "ಆಹಾ, ಏನು ಹಿಡಿತ!"

"ಯಪ್ಪೋ!" ಎಂದು ಅವನು ಕೂಗಿದ ಸದ್ದಿಗೆ ಅಣ್ಣ ಓಡಿ ಬಂದ. ಬಂದವನು ತನ್ನ ಸೆಟ್ಟನ್ನು ಪಟ್ಟನೆ ಬಾಯಿಂದ ತೆಗೆದು ಪರೀಕ್ಷಕರ ಮುಂದೆ ಹಿಡಿದ. "ಸಾಹೇಬ್ರ, ಅವನ್ನ ಬಿಡ್ರಿ! ಕಟ್ಟಿಸಿದ ಹಲ್ಲ ಇವು!"

ಪರೀಕ್ಷಕರು ಕೆಮ್ಮಿ, ಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಪಾಪ, ತಲೆ ಇನ್ನೂ ತಿಳಿಯಾಗಿರಲಿಲ್ಲ.

"ಇದೂ ಚೆನ್ನಾಗಿದೆ, ಪಾಸ್ ಮಾಡ್ತೀನಿ. ಆದ್ರೆ ಆ ಹಲ್ಲಿನಷ್ಟು ಸಹಜವಾಗಿ ಬಂದಿಲ್ಲ."

ಅಣ್ಣ ಸೆಟ್ಟನ್ನು ಬಾಯಿಗೆ ಹಾಕಿಕೊಂಡು ಸಮಾಧಾನ ಹೇಳಿದ: "ಹೋಗ್ಲಿ ಬಿಡ್ರಿ ಸಾಹೇಬ್ರ. ಅವನ ಹಲ್ಲ ಮಾಡಿದಾತ ಪರೀಕ್ಷಾಕ್ಕ ಕುಂತಿಲ್ಲ."