ಜೀಪಿನ ಹೊಟ್ಟೆಗೊಂದು ಹೀಟರ್

ನಮ್ಮ ಮನೆಯವರಿಗೆ ಚಳಿಯೇ ಆಗುವುದಿಲ್ಲ. ಆಗುವುದು ಅವರ ಜೀಪಿಗೆ! ನಂಬಿಕೆ ಬರದಿದ್ದರೆ ಡಿಸೆಂಬರಿನಲ್ಲಿ ಸೌದಿಯ ತಬೂಕಿಗೆ ಬನ್ನಿ. ನಮ್ಮ ಮದುವೆಗೆ ಬಂದ ದಪ್ಪ ಕಂಬಳಿ ಬಾನೆಟ್ಟಿನ ಮೇಲಿರುತ್ತದೆ. ಯಜಮಾನರು ಬರೀ ಬನಿಯನ್ನಿನಲ್ಲಿ ಪಕ್ಕದಲ್ಲಿ ನಿಂತಿರುತ್ತಾರೆ. ಸೌದಿ ಎಂದರೆ ಸೆಕೆ ಎಂದೇ ಊರಿನವರ ಲೆಕ್ಕ. ಈ ಉತ್ತರದ ತುದಿಯಲ್ಲಿ ಚಳಿಗಾಲದ ಬೆಳಿಗ್ಗೆ ಬಕೆಟ್ಟಿನ ನೀರು ಗಟ್ಟಿಯಾಗಿರುತ್ತದೆ, ಹಳೆಯ ಡೀಸೆಲ್ ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ.

ಕೆನಡಾಕ್ಕೆ ಮರಳಿದ ಇಂಜಿನಿಯರೊಬ್ಬರು ಇವರಿಗೆ ಒಂದು ಹೀಟರ್ ಕೊಟ್ಟು ಹೋದರು. ಇಂಜಿನ್ನಿನ ಹೊಟ್ಟೆಯೊಳಗೆ ಕೂತು ಅಲ್ಲಿ ಸುತ್ತುವ ಕೂಲೆಂಟ್ ನೀರನ್ನು ಬಿಸಿ ಮಾಡುವ ಸಾಮಾನು. ಅದಕ್ಕೆ ಬೇಕಾದದ್ದು ನೂರಾಹತ್ತು ವೋಲ್ಟು. ದೇವರ ದಯೆ, ನಮ್ಮ ಹಳೆಯ ಫ್ಲಾಟಿನಲ್ಲಿ ನೂರಾಹತ್ತು, ಇನ್ನೂರಿಪ್ಪತ್ತು ಎರಡೂ ಬಗೆಯ ಕರೆಂಟಿದೆ. ಆದರೆ ನೂರಾಹತ್ತರ ಪಾಯಿಂಟು ಇರುವುದೆಲ್ಲಿ? ನನ್ನ ಸಾಸಿವೆ ಡಬ್ಬಿಯ ಪಕ್ಕದಲ್ಲಿ! ಅಲ್ಲಿಂದ ವಯರು ಕಿಟಕಿ ದಾಟಿ ಅಂಗಳಕ್ಕಿಳಿಯಿತು. ಇನ್ನು ಬೆಳಿಗ್ಗೆ ಕೀಲಿ ತಿರುಗಿಸುವುದೊಂದೇ ಕೆಲಸ ಎಂದು ಇವರು ಕಟ್ಟಡಕ್ಕೆಲ್ಲ ಸಾರಿದರು.

ಮೊದಲ ಬೆಳಿಗ್ಗೆ ಇಂಜಿನ್ ಮಂಜುಗಡ್ಡೆ. ಇವರು ಪ್ಲಗ್ಗು ಬದಲಿಸಿದರು. ಎರಡನೆಯ ದಿನ ವಯರನ್ನೇ ಬದಲಿಸಿದರು. ಮೂರನೆಯ ದಿನ ಮೀಟರು ಹಿಡಿದು ಹೀಟರನ್ನು ಡಾಕ್ಟರರಂತೆ ಪರೀಕ್ಷಿಸಿ, ರೋಗಿ ಆರೋಗ್ಯವಾಗಿದ್ದಾನೆ ಎಂದರು. ಹಾಗಾದರೆ ಬಿಸಿ ಯಾಕಿಲ್ಲ ಎಂದೆ.

"ಹೀಟರಿನದು ಎಂತದೂ ತಪ್ಪಿಲ್ಲ ಮಾರಾಯ್ತಿ. ನನ್ನ ಕೆಲಸದಲ್ಲೂ ಇಲ್ಲ. ಈ ಊರಿನ ಕರೆಂಟೇ ಸರಿ ಇಲ್ಲ."

ತಮ್ಮ ತಪ್ಪನ್ನು ಇವರು ಒಪ್ಪಿದ್ದನ್ನು ಇಪ್ಪತ್ತೆರಡು ವರ್ಷಗಳಲ್ಲಿ ನಾನು ಕಂಡಿಲ್ಲ. ಆ ಮೂರೂ ದಿನ ಜೀಪು ಬಿಸಿಲೇರಿದ ಮೇಲಾದರೂ ಹೊರಟಿತಲ್ಲ, ಅಲ್‌ಹಮ್ದುಲಿಲ್ಲಾ.

ಆದರೆ ನಾಲ್ಕನೆಯ ದಿನ ಬಿಸಿಲಿಗೆ ಕಾಯುವಂತಿರಲಿಲ್ಲ. ನನ್ನ ತಾಯಿ, ಉಮ್ಮ, ಮಂಗಳೂರಿನಿಂದ ಉಮ್ರಾ ಯಾತ್ರೆಯ ತಂಡದೊಂದಿಗೆ ಮದೀನಾಕ್ಕೆ ಬಂದಿದ್ದರು. ಇಳಿಹೊತ್ತಿನ ಅಸರ್ ನಮಾಜು ಮುಗಿದೊಡನೆ ಅವರ ಬಸ್ಸು ಮಕ್ಕಾಕ್ಕೆ. ಮದೀನಾಕ್ಕೆ ನಮಗೆ ಏಳು ಗಂಟೆಯ ದಾರಿ, ಇವರಿಗೆ ಒಂದೇ ದಿನದ ರಜೆ. ಉಮ್ಮನ ಮುಖ ನೋಡದೆ ನಾಲ್ಕು ವರ್ಷವಾಗಿತ್ತು.

ನಸುಕಿನ ಫಜ್ರ್ ನಮಾಜು ಮುಗಿಸಿ ಇವರು ಕೀಲಿ ತಿರುಗಿಸಿದರು. ಜೀಪು ಕೆಮ್ಮಿತು, ಮಲಗಿತು. ಇವರು ಬಾನೆಟ್ಟಿನೊಳಗೆ ಸೊಂಟದವರೆಗೆ ಇಳಿದರು. ಹೇಗಾದರೂ ಹೊರಟೇ ಸಿದ್ಧ ಎಂದುಕೊಂಡು ನಾನು ಬೀಗ ಹಾಕುವ ಮುಂಚೆ ದೀಪ ಆರಿಸಲು ಒಳಗೆ ಹೋದೆ. ಬಿಸ್ಮಿಲ್ಲಾ ಎಂದು ಅಡುಗೆಮನೆಯ ಸ್ವಿಚ್ಚುಗಳ ಸಾಲಿನ ಮೇಲೆ ಅಂಗೈ ಸವರಿದೆ. ಕೈ ಅಲ್ಲೇ ನಿಂತಿತು.

ಮಲಗುವ ಮುಂಚೆ ಪಾತ್ರೆ ಮುಚ್ಚಿ, ದೀಪ ಆರಿಸಬೇಕೆಂದು ಚಿಕ್ಕಂದಿನಲ್ಲಿ ಕಲಿತವಳು ನಾನು. ದಿನಾ ರಾತ್ರಿ ಹೀಗೇ ಒಂದೇ ಸಲ ಸವರಿ ಎಲ್ಲವನ್ನೂ ಆರಿಸುತ್ತೇನೆ. ಬೆಳಿಗ್ಗೆ ಇವರಿಗಿಂತ ಮುಂಚೆ ಎದ್ದು ಒಂದೇ ಸಲ ಸವರಿ ಎಲ್ಲವನ್ನೂ ಹಾಕುತ್ತೇನೆ. ಸಾಲಿನ ಕೊನೆಯದು ಆ ಹೀಟರಿನ ಸ್ವಿಚ್ಚು!

ಹೊರಗೆ ಬಂದು ಹೇಳಿದೆ. ಇವರು ಮೀಟರನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಹೋಗಿ ಸ್ವಿಚ್ಚು ಹಾಕಿ ಬಂದು, ಬಾನೆಟ್ಟಿಗೆ ಇನ್ನೂ ಒಂದು ಕಂಬಳಿ ಹೊದಿಸಿದರು. ಎರಡು ಗಂಟೆ ಕಾದೆವು. ಆಮೇಲೆ ಒಂದೇ ಕೀಲಿಗೆ ಜೀಪು ಗುಡುಗಿತು. ದಾರಿಯಲ್ಲಿ ಚಹಾಕ್ಕೂ ನಿಲ್ಲಿಸಲಿಲ್ಲ.

ನಾವು ತಲುಪಿದಾಗ ಬಸ್ಸಿಗೆ ಸಾಮಾನು ಏರುತ್ತಿತ್ತು. ಉಮ್ಮ ಬಸ್ಸಿನ ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡರು. ಬೆಳಿಗ್ಗೆಯಿಂದ ದಾರಿ ನೋಡಿದೆ, ಯಾಕೆ ಇಷ್ಟು ತಡ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವರು ಮುಂದೆ ಬಂದರು.

"ನನ್ನಿಂದ ಆದದ್ದು ಮಾಮಿ. ಹೀಟರ್ ಸರಿಯಾಗಿ ಕೂರಿಸಲು ನನಗೆ ಗೊತ್ತಾಗಲಿಲ್ಲ."